ಬಿಲ್ಬಾವೊದ ಬಾರಿಕ್ ಕಾರ್ಡು: ಬೆಟ್ಟದ ರೈಲು, ಮೆಟ್ರೊ, ತೂಗುತೊಟ್ಟಿಲು, ಟ್ರಾಮ್

ಸ್ಪೇನಿನ ಉತ್ತರ ಅಂಚಿನ ಬಿಲ್ಬಾವೊಗೆ ಬಂದವರಲ್ಲಿ ಹೆಚ್ಚಿನವರು ಗುಗೆನ್‌ಹೈಮ್ ಮ್ಯೂಸಿಯಮ್ಮಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಸಂಜೆ ಹಳೇಪೇಟೆಯಲ್ಲಿ ಪಿಂಚೊ ಎಂಬ ಸಣ್ಣ ತಿಂಡಿ ನಾಲ್ಕು ತಿಂದು, ಮರುದಿನ ಬೆಳಿಗ್ಗೆ ಸಾನ್ ಸೆಬಾಸ್ಟಿಯನ್ ಬಸ್ಸು ಹತ್ತುತ್ತಾರೆ. ಮ್ಯೂಸಿಯಂ ನೋಡಬಾರದೆಂದಲ್ಲ. ಆದರೆ ಅದು 1997ರದ್ದು, ಊರಿಗೆ ಏಳುನೂರು ವರ್ಷ ದಾಟಿದೆ. ಊರು ಇದೇ ಜಾಗದಲ್ಲಿ ಯಾಕೆ ಹುಟ್ಟಿತು, ದುಡ್ಡು ಎಲ್ಲಿಂದ ಬಂತು, ಬಂದ ದುಡ್ಡು ಯಾವ ದಡದಲ್ಲಿ ಮನೆ ಕಟ್ಟಿಕೊಂಡಿತು ಎಂದು ತಿಳಿಯಬೇಕಾದರೆ ಇಲ್ಲಿನ ಸಾರ್ವಜನಿಕ ಸಾರಿಗೆ ಹತ್ತಬೇಕು. ಒಂದು ಬೆಟ್ಟದ ರೈಲು, ಒಂದು ಮೆಟ್ರೊ, ಜನರನ್ನೂ ಕಾರುಗಳನ್ನೂ ತೊಟ್ಟಿಲಿನಲ್ಲಿಟ್ಟು ನೀರು ದಾಟಿಸುವ ಒಂದು ಕಬ್ಬಿಣದ ಸೇತುವೆ, ಒಂದು ಟ್ರಾಮ್. ನಾಲ್ಕಕ್ಕೂ ಬಾರಿಕ್ ಎಂಬ ಒಂದೇ ಕಾರ್ಡು ನಡೆಯುತ್ತದೆ. ನಾಲ್ಕರಲ್ಲಿ ಮೂರು ಬಲು ಚೆನ್ನ, ಒಂದು ಪರವಾಗಿಲ್ಲ.

ಮೊದಲು ಕಾರ್ಡಿನ ವಿಷಯ. ಮೆಟ್ರೊ ನಿಲ್ದಾಣದ ಯಂತ್ರಗಳಲ್ಲಿ ಸಿಗುತ್ತದೆ, ಪರದೆಯಲ್ಲಿ ಇಂಗ್ಲಿಷ್ ಆಯ್ಕೆ ಇದೆ. ಖಾಲಿ ಕಾರ್ಡಿಗೇ 3 ಯೂರೋ, ಓಡಾಟದ ಹಣ ಅದರ ಮೇಲೆ. ಮೆಟ್ರೊದಲ್ಲಿ ಬಿಡಿ ಟಿಕೆಟ್ಟಿಗಿಂತ ಕಾರ್ಡಿನ ದರ ಹೆಚ್ಚುಕಮ್ಮಿ ಅರ್ಧ. ನಾಲ್ಕೈದು ಸಲ ಓಡಾಡುವಷ್ಟರಲ್ಲಿ ಆ 3 ಯೂರೋ ಹುಟ್ಟಿಬಿಡುತ್ತದೆ. ಹೆಸರು ನಮೂದಿಸದ ಸಾಮಾನ್ಯ ಕಾರ್ಡನ್ನು ಮನೆಮಂದಿ ಹಂಚಿಕೊಳ್ಳಬಹುದು: ಒಬ್ಬರು ತೋರಿಸಿ ಗೇಟು ದಾಟಿ ಹಿಂದಿನವರ ಕೈಗೆ ಕೊಟ್ಟರಾಯಿತು. ಎಷ್ಟು ಜನ ಒಳಗೆ ಹೋದರೋ ಅಷ್ಟೇ ಸಲ ಹೊರಗೆ ಬರುವಾಗಲೂ ತೋರಿಸಬೇಕು. ಪ್ರವಾಸಿಗರಿಗೆಂದೇ ದಿನಗಟ್ಟಲೆ ಲೆಕ್ಕದ ಪಾಸೂ ಇದೆ. ಒಂದೆರಡು ದಿನ ಇದ್ದು ಹೋಗುವವರಿಗೆ ಬಾರಿಕ್ಕೇ ಅಗ್ಗ.

ಹೊಸಬರು ಎಡವುವುದು ಕಾರ್ಡು ತೋರಿಸುವ ಜಾಗದಲ್ಲಿ. ಮೆಟ್ರೊದಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತೋರಿಸಬೇಕು, ಯಾಕೆಂದರೆ ದರ ನಿಲ್ಲುವುದು ಎಷ್ಟು ವಲಯ ದಾಟಿದಿರಿ ಎಂಬುದರ ಮೇಲೆ. ಕಾಗದದ ಟಿಕೆಟ್ಟಾದರೆ ಹೊರಗೆ ಬರುವವರೆಗೂ ಜೋಪಾನ, ಬಿಸಾಡಿದರೆ ಗೇಟು ತೆರೆಯುವುದಿಲ್ಲ. ಬಸ್ಸಿನಲ್ಲಿ ಚಾಲಕರ ಪಕ್ಕ ತೋರಿಸಬೇಕು. ಟ್ರಾಮಿನಲ್ಲಿ ಮಾತ್ರ ಹತ್ತುವ ಮೊದಲೇ, ನಿಲ್ದಾಣದ ಕಟ್ಟೆಯ ಮೇಲಿನ ಯಂತ್ರಕ್ಕೆ. ಬಸ್ಸಿನ ರೂಢಿಯಲ್ಲಿ ಟ್ರಾಮ್ ಹತ್ತಿ ಒಳಗೆ ಯಂತ್ರ ಹುಡುಕುವವರೇ ತಪಾಸಣೆಗೆ ಸಿಕ್ಕಿಬೀಳುವುದು. ಹೆಸರುಗಳ ಗೊಂದಲವೂ ಒಂದಿದೆ. ಬಿಲ್ಬಾವೊ ಇರುವ ಬಾಸ್ಕ್ ನಾಡಿನಲ್ಲಿ ಎಷ್ಟೋ ಜಾಗಗಳಿಗೆ ಬಾಸ್ಕ್ ಹೆಸರು ಒಂದು, ಸ್ಪ್ಯಾನಿಷ್ ಹೆಸರು ಇನ್ನೊಂದು. ಫೋನಿನ ನಕ್ಷೆ ಲಾಸ್ ಅರೇನಾಸ್ ಅನ್ನುತ್ತದೆ, ಮೆಟ್ರೊ ಫಲಕ ಅರೇತಾ ಅನ್ನುತ್ತದೆ. ಕಾಸ್ಕೊ ವಿಯೆಹೊ, ಸಸ್ಪಿಕಾಲೆಯಾಕ್ ಎರಡೂ ಹಳೇಪೇಟೆಯೇ. ಹೊರಗೆ ಹೋಗುವ ದಾರಿಗೆ ‘ಇರ್ತೇರಾ’ ಎಂದು ಬರೆದಿರುತ್ತದೆ.

ಅರ್ಚಾಂಡಾ ಬೆಟ್ಟದ ರೈಲಿನಿಂದ ಶುರು ಮಾಡುವುದು ಜಾಣತನ. ಮೇಲಿನಿಂದ ಒಮ್ಮೆ ನೋಡಿಕೊಂಡರೆ ಕೆಳಗೆ ಎಲ್ಲಿದ್ದೇವೆಂದು ತಬ್ಬಿಬ್ಬಾಗುವುದಿಲ್ಲ. ಕೆಳಗಿನ ನಿಲ್ದಾಣ ಬಲದಡದಲ್ಲಿ, ಸುಬಿಸುರಿ ಎಂಬ ಬಿಳಿಯ ಕಾಲುಸೇತುವೆಯಿಂದ ಐದಾರು ನಿಮಿಷದ ನಡಿಗೆ. ರೈಲು ಆರಂಭವಾದದ್ದು 1915ರ ಅಕ್ಟೋಬರಿನಲ್ಲಿ. ಹಳಿಯ ಉದ್ದ 770 ಮೀಟರ್, ಏರುವ ಎತ್ತರ 226 ಮೀಟರ್, ಹಿಡಿಯುವ ಹೊತ್ತು ಮೂರು ನಿಮಿಷ ಚಿಲ್ಲರೆ. 15 ನಿಮಿಷಕ್ಕೊಮ್ಮೆ ಹೊರಡುತ್ತದೆ. ರಾಟೆಯ ಎರಡು ಕಡೆ ಎರಡು ಕೊಡ ಕಟ್ಟಿದ ಹಾಗೆ ಒಂದೇ ಉಕ್ಕಿನ ಹಗ್ಗಕ್ಕೆ ಎರಡು ಬೋಗಿ. ಒಂದು ಇಳಿಯುವ ಭಾರ ಇನ್ನೊಂದನ್ನು ಏರಿಸುತ್ತದೆ, ಮೋಟಾರು ಹೊರುವುದು ಮಿಕ್ಕ ವ್ಯತ್ಯಾಸವನ್ನಷ್ಟೆ. ನಡುದಾರಿಯಲ್ಲಿ ಹಳಿ ಕವಲೊಡೆದು ಎರಡೂ ಪರಸ್ಪರ ದಾಟುತ್ತವೆ. 1976ರಲ್ಲಿ ಅಪಘಾತವಾಗಿ ನಿಂತಿದ್ದ ರೈಲು ಮತ್ತೆ ಓಡಿದ್ದು 1983ರಲ್ಲಿ.

ಹತ್ತುವಾಗ ಬೋಗಿಯ ಕೆಳತುದಿಯಲ್ಲಿ ನಿಲ್ಲಿ. ಊರು ಕಾಣುವುದು ಆ ಕಡೆಯಿಂದ, ಮೇಲ್ತುದಿಯವರಿಗೆ ಬೆಟ್ಟದ ಮಣ್ಣೇ ಗತಿ. ಮೇಲೆ ಇಳಿದು ಎರಡು ನಿಮಿಷ ನಡೆದರೆ ಉದ್ಯಾನದ ಕಟಕಟೆ. ಅದು ದಕ್ಷಿಣಕ್ಕೆ ಮುಖ ಮಾಡಿದೆ. ಹಾಗಾಗಿ ನಡುಹಗಲಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಬಿಸಿಲು ನೆಟ್ಟಗೆ ಕ್ಯಾಮೆರಾದೊಳಕ್ಕೇ ಬೀಳುತ್ತದೆ. ಬೆಳಿಗ್ಗೆ ಬೇಗ ಹೋದರೆ ಕಣಿವೆ ತುಂಬ ಮಂಜು. ಸಂಜೆ ಆರರ ಮೇಲಿನ ಬೇಸಿಗೆಯ ಬೆಳಕೇ ಸರಿ. ಬಿಡಿ ಟಿಕೆಟ್ಟಿಗೂ ಬಾರಿಕ್ಕಿಗೂ ಅಂತರ ಎದ್ದು ಕಾಣುವುದೂ ಈ ರೈಲಿನಲ್ಲೇ, ಕಾರ್ಡಿಲ್ಲದೆ ಹತ್ತಬೇಡಿ.

ಕಟಕಟೆಯ ಬಳಿ ನಿಂತರೆ ಊರಿನ ಅಡ್ಡಹೆಸರು ಅರ್ಥವಾಗುತ್ತದೆ. ಊರವರು ಬಿಲ್ಬಾವೊವನ್ನು ‘ಬೋಚೊ’ ಅನ್ನುತ್ತಾರೆ, ಅಂದರೆ ಗುಂಡಿ. ಸುತ್ತ ಬೆಟ್ಟ, ನಡುವೆ ಹಾವಿನಂತೆ ಬಳುಕುವ ನೆರ್ವಿಯೋನ್ ಹೊಳೆ, ಹೊಳೆಯ ಎರಡೂ ಬದಿಗೆ ಒತ್ತರಿಸಿ ಕಟ್ಟಿದ ಮನೆಗಳು. ಎದುರಿಗೆ 671 ಮೀಟರ್ ಎತ್ತರದ ಪಾಗಸಾರಿ. ಎಡಕ್ಕೆ ಹಳೇಪೇಟೆ, ನಡುವೆ ಮ್ಯೂಸಿಯಂ ಮತ್ತು 165 ಮೀಟರ್ ಎತ್ತರದ ಇಬೆರ್‌ಡ್ರೋಲಾ ಗೋಪುರ, ಬಲಕ್ಕೆ ಸಾನ್ ಮಾಮೆಸ್ ಫುಟ್‌ಬಾಲ್ ಮೈದಾನ. ಹೊಳೆ ಎನ್ನುವುದೂ ಪೂರ್ತಿ ಸರಿಯಲ್ಲ. ಸಮುದ್ರ ಇಲ್ಲಿಂದ ಸುಮಾರು 15 ಕಿಲೋಮೀಟರ್ ದೂರ, ಆದರೂ ಭರತ-ಇಳಿತ ಹಳೇಪೇಟೆಯ ತನಕ ಬರುತ್ತದೆ. ಅಮಾವಾಸ್ಯೆ-ಹುಣ್ಣಿಮೆಗೆ ಕರಾವಳಿಯಲ್ಲಿ ಏರಿಳಿತ 4 ಮೀಟರ್ ಮುಟ್ಟುತ್ತದೆ. ನಮ್ಮ ಕರಾವಳಿಯವರ ಮಾತಿನಲ್ಲಿ ಹೇಳುವುದಾದರೆ ಇದೊಂದು ಉದ್ದನೆಯ ಅಳಿವೆ. ಹಡಗು ಭರತದ ಬೆನ್ನೇರಿ ಒಳಗೆ ಬರಬಹುದು, ಬಿರುಗಾಳಿ ಬರಲಾರದು. ಊರು ಹುಟ್ಟಿದ್ದು ಈ ಅನುಕೂಲಕ್ಕೆ.

ಗುಂಡಿಯೊಳಗಿನ ಊರಿಗೆ ಅದೇ ಸಂಕಟವೂ ಆಯಿತು. ಬೆಟ್ಟ ಹಿಡಿದವನ ಕೈಯಲ್ಲಿ ಊರು. ಸ್ಪೇನಿನ ಸಿಂಹಾಸನಕ್ಕಾಗಿ ನಡೆದ 19ನೇ ಶತಮಾನದ ಕಾರ್ಲಿಸ್ಟ್ ಯುದ್ಧಗಳಲ್ಲಿ 1835, 1836, 1874ರಲ್ಲಿ ಮತ್ತೆ ಮತ್ತೆ ಮುತ್ತಿಗೆ. 1835ರ ಜೂನಿನಲ್ಲಿ ಕಾರ್ಲಿಸ್ಟರ ಸೇನಾಪತಿ ಸುಮಲಕಾರ್ರೆಗಿ ಬೆಗೋನ್ಯಾ ದಿಣ್ಣೆಯ ಮೇಲಿಂದ ಊರನ್ನು ನೋಡುತ್ತಿದ್ದಾಗಲೇ ಕಾಲಿಗೆ ಗುಂಡು ತಗುಲಿ, ಕೆಲವೇ ದಿನಗಳಲ್ಲಿ ತೀರಿಕೊಂಡ. 1936ರಲ್ಲಿ ಶುರುವಾದ ಸ್ಪೇನಿನ ಅಂತರ್ಯುದ್ಧದಲ್ಲೂ ಹಾಗೆಯೇ: 1937ರ ಜೂನಿನಲ್ಲಿ ಅರ್ಚಾಂಡಾ ಬಿತ್ತು, 19ರಂದು ಊರು ಬಿತ್ತು. ಊರಿನ ಸುತ್ತ ಕಟ್ಟಿದ್ದ ‘ಕಬ್ಬಿಣದ ಪಟ್ಟಿ’ ಎಂಬ ರಕ್ಷಣಾಸಾಲಿನ ನಕ್ಷೆಯನ್ನು ಅದನ್ನು ಕಟ್ಟಿಸಿದವರಲ್ಲೊಬ್ಬನಾದ ಎಂಜಿನಿಯರ್ ಅಲೆಹಾಂಡ್ರೊ ಗೋಯಿಕೊಎಚೆಯಾ ಎದುರುಪಕ್ಷವಾದ ಫ್ರಾಂಕೊ ಕಡೆಯವರಿಗೆ ಒಯ್ದುಕೊಟ್ಟಿದ್ದ. ಸ್ಪೇನಿನಲ್ಲಿ ಈಗಲೂ ಓಡುವ ತಾಲ್ಗೊ ರೈಲಿನ ಜನಕನೂ ಇವನೇ, ಆ ಹೆಸರಿನ (TALGO) ಇಂಗ್ಲಿಷ್ ಅಕ್ಷರಗಳಲ್ಲಿ ‘G’ ಇವನದ್ದು. ಉದ್ಯಾನದಲ್ಲಿ ಬೆರಳಚ್ಚಿನ ಆಕಾರದ ದೊಡ್ಡ ಉಕ್ಕಿನ ಶಿಲ್ಪವೊಂದಿದೆ, ಊರಿಗಾಗಿ ಹೋರಾಡಿದವರ ನೆನಪಿಗೆ 2006ರಲ್ಲಿ ನಿಲ್ಲಿಸಿದ್ದು. ಹೆಚ್ಚಿನವರು ಅದನ್ನು ಫೋಟೊದ ಚೌಕಟ್ಟೆಂದು ಬಳಸಿ ಮುಂದೆ ಹೋಗುತ್ತಾರೆ.

ಹಳೇಪೇಟೆಗೆ ಕಾರ್ಡು ಬೇಡ, ಕಾಲು ಸಾಕು. ಬಿಲ್ಬಾವೊ ಇರುವ ವಿಸ್ಕಾಯಾ ಪ್ರಾಂತ್ಯದ ದೊರೆ ಐದನೆಯ ಡಿಯೆಗೊ ಲೋಪೆಸ್ ದೆ ಆರೊ 1300ರ ಜೂನ್ 15ರಂದು ಪಟ್ಟಣದ ಸನ್ನದು ಕೊಟ್ಟ. 1310ರಲ್ಲಿ ಮರಿಯಾ ಡಿಯಾಸ್ ದೆ ಆರೊ ಕೊಟ್ಟ ಎರಡನೆಯ ಸನ್ನದು ಇನ್ನೂ ದೊಡ್ಡದು: ಒಳನಾಡಿನ ಓರ್ದುನ್ಯಾದಿಂದ ಕಡಲಿಗೆ ಹೋಗುವ ವ್ಯಾಪಾರದ ದಾರಿ ಬಿಲ್ಬಾವೊ ಮೂಲಕವೇ ಹಾಯಬೇಕು ಎಂದು ಬರೆದುಕೊಟ್ಟಿತು. ಕಸ್ತೀಲಿನ ಉಣ್ಣೆ ಫ್ಲಾಂಡರ್ಸಿಗೆ ಹೋಗಲು ಇಲ್ಲಿ ಹಡಗು ಹತ್ತಿತು. 1511ರಲ್ಲಿ ವರ್ತಕರಿಗೆ ಸ್ವಂತ ಕೊನ್ಸುಲಾದೊ ಸಿಕ್ಕಿತು, ಅಂದರೆ ವ್ಯಾಪಾರದ ನ್ಯಾಯ ಅವರದೇ ಕೈಗೆ. ಮೊದಲಿದ್ದದ್ದು ಸೊಮೇರಾ, ಆರ್ತೆಕಾಲೆ, ತೆಂದೆರಿಯಾ ಎಂಬ ಮೂರು ಬೀದಿ, ಆಮೇಲೆ ನಾಲ್ಕು ಸೇರಿ ಏಳು. ಸಸ್ಪಿಕಾಲೆಯಾಕ್ ಎಂದರೆ ‘ಏಳು ಬೀದಿಗಳು’ ಎಂದೇ ಅರ್ಥ. ಬೀದಿಗಳು ಹೊಳೆಯತ್ತ ಇಳಿಯುತ್ತವೆ, ಕೊನೆಗೆ ಸಾನ್ ಆಂತೋನ್ ಚರ್ಚು, ಸೇತುವೆ. ಊರಿನ ಲಾಂಛನದಲ್ಲಿ ಎರಡು ತೋಳಗಳ ಜೊತೆ ಇರುವುದು ಈ ಜೋಡಿಯೇ. ಪಕ್ಕದ ರಿಬೇರಾ ಮಾರುಕಟ್ಟೆ 1929ರ ಕಟ್ಟಡ. ಮೀನು ನೋಡಬೇಕೆಂದರೆ ಮಧ್ಯಾಹ್ನದೊಳಗೆ ಹೋಗಿ, ಆಮೇಲೆ ಕಟ್ಟೆ ತೊಳೆದು ಬಾಗಿಲು ಹಾಕಿರುತ್ತಾರೆ.

ಬೀದಿಯ ಗೋಡೆಗಳ ಮೇಲೆ ಅಲ್ಲಲ್ಲಿ 1983ರ ಆಗಸ್ಟ್ 26 ಎಂಬ ದಿನಾಂಕದ ಗುರುತುಫಲಕ ಕಾಣಿಸುತ್ತದೆ, ತಲೆಗಿಂತ ಮೇಲೆ. ಆ ದಿನ ಊರಹಬ್ಬದ ನಡುವೆ ಸುರಿದ ಮಳೆಗೆ ಹೊಳೆ ಉಕ್ಕಿ ಮುಟ್ಟಿದ ಮಟ್ಟ ಅದು. ಹೊಳೆಯ ತಿರುವಿನ ಒಳಗೆ, ತಗ್ಗಿನಲ್ಲಿ ಕಟ್ಟಿದ ಪೇಟೆಗೆ ನೀರು ಓಡಿಹೋಗಲು ಜಾಗವೇ ಇರಲಿಲ್ಲ.

ಇನ್ನು ಮೆಟ್ರೊ. 1995ರ ನವೆಂಬರ್ 11ರಂದು ಶುರುವಾದ ಇದರ ನಿಲ್ದಾಣಗಳನ್ನು ರೂಪಿಸಿದವರು ನಾರ್ಮನ್ ಫಾಸ್ಟರ್. ಪಾದಚಾರಿ ಮಾರ್ಗದಿಂದ ಎದ್ದ ಗಾಜಿನ ಸೀಗಡಿಯಂತಿರುವ ಬಾಗಿಲುಗಳಿಗೆ ಊರವರು ‘ಫೋಸ್ತೆರೀತೊ’ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ. ಸೊಗಸು ಇರುವುದು ಒಳಗೆ. ನೆಲದಡಿಯ ಬಹಳಷ್ಟು ನಿಲ್ದಾಣಗಳು 16 ಮೀಟರ್ ಅಗಲ, 8 ಮೀಟರ್ ಎತ್ತರದ ಒಂದೇ ಕಮಾನು ಗುಹೆ. ಟಿಕೆಟ್ ಗೇಟಿನ ಅಂತಸ್ತು ಅದರೊಳಗೆ ತೂಗಿ ನಿಂತಿದೆ, ಗೇಟು ದಾಟುತ್ತಲೇ ಕೆಳಗೆ ಎರಡೂ ಕಡೆಯ ರೈಲು ಕಾಣುತ್ತದೆ. ಯಾವ ಕಡೆ ಇಳಿಯಬೇಕೆಂದು ಯಾರನ್ನೂ ಕೇಳಬೇಕಿಲ್ಲ. ಜಾಹೀರಾತು ಕಡಿಮೆ, ಕಾಂಕ್ರೀಟು ಬಿಚ್ಚುಮೈ. ಅಕ್ಷರ ಮತ್ತು ಫಲಕಗಳು ಜರ್ಮನಿಯ ಓಟ್ಲ್ ಐಷರ್ ಅವರವು. ಭೂಗತ ನಿಲ್ದಾಣವೆಂದರೆ ಉಸಿರುಗಟ್ಟುವವರು ಇಲ್ಲೊಮ್ಮೆ ಇಳಿದು ನೋಡಬೇಕು.

ರೈಲು ಸ್ವಲ್ಪ ಕಿರಿದು ಅನಿಸಿದರೆ ಅದು ಭ್ರಮೆಯಲ್ಲ, ಹಳಿ ಮೀಟರ್ ಗೇಜ್. ಬಲದಡದಲ್ಲಿ ಪ್ಲೆಂಟ್ಸಿಯಾ ಬೀಚಿನ ತನಕ ಮೊದಲೇ ಇದ್ದ 19ನೇ ಶತಮಾನದ ಕಿರುರೈಲಿನ ದಾರಿಯನ್ನೇ ಮೆಟ್ರೊದ ಲೈನ್ 1 ಆಗಿ ಮಾಡಿಕೊಂಡರು, ಗೇಜೂ ಅದರದ್ದೇ ಉಳಿಯಿತು. ನಕ್ಷೆ ಮಲಗಿಸಿಟ್ಟ ಕವಣೆಕೋಲಿನಂತಿದೆ. ಸಾನ್ ಇಗ್ನಾಸಿಯೊ ತನಕ ಎರಡೂ ಲೈನು ಒಂದೇ ಸುರಂಗದಲ್ಲಿ ಓಡಿ ಅಲ್ಲಿ ಕವಲಾಗುತ್ತವೆ. ಲೈನ್ 1 ಬಲದಡ ಹಿಡಿದು ಪ್ಲೆಂಟ್ಸಿಯಾ ಕಡೆಗೆ, ಲೈನ್ 2 ಎಡದಡ ಹಿಡಿದು ಕಬಿಯೆಸೆಸ್ ಕಡೆಗೆ. ಹೊಳೆ ಬಳುಕುತ್ತದೆ, ಸುರಂಗ ಬಳುಕುವುದಿಲ್ಲ. ಹಾಗಾಗಿ ಕಾಸ್ಕೊ ವಿಯೆಹೊದಲ್ಲಿ ಲೈನ್ 2 ಹತ್ತಿದವರು ಅಬಾಂಡೊ ಮೊದಲು ಒಮ್ಮೆ, ಸಾನ್ ಮಾಮೆಸ್ ನಂತರ ಒಮ್ಮೆ, ಸಾನ್ ಇಗ್ನಾಸಿಯೊ ದಾಟಿ ಇನ್ನೊಮ್ಮೆ ನೀರಿನಡಿಯಲ್ಲಿ ಹಾಯುತ್ತಾರೆ. ಗೊತ್ತೇ ಆಗುವುದಿಲ್ಲ.

ನಿಲ್ದಾಣಗಳ ಪಟ್ಟಿಯೇ ಒಂದು ಇತಿಹಾಸದ ಪಾಠ. ಅಬಾಂಡೊ ಹಿಂದೆ ಬೇರೆಯೇ ಹಳ್ಳಿ. ಹಳೇಪೇಟೆಯಲ್ಲಿ ಜಾಗ ಮುಗಿದಾಗ ಬಿಲ್ಬಾವೊ ಹೊಳೆ ದಾಟಿ ಅದನ್ನು ನುಂಗಿತು, 1876ರ ವಿಸ್ತರಣಾ ಯೋಜನೆಯಲ್ಲಿ ಮೊಯುವಾ ಚೌಕದ ಸುತ್ತ ನೇರ ಬೀದಿಗಳ ಹೊಸ ಪಟ್ಟಣ ಎದ್ದಿತು. ಲೈನ್ 1ರ ಲುಚಾನಾ ನಿಲ್ದಾಣದ ಹೆಸರೇ 1836ರ ಕ್ರಿಸ್ಮಸ್ ಮುನ್ನಾದಿನದ ಕದನಕ್ಕೂ ಇದೆ. ಕಾರ್ಲಿಸ್ಟರ ಎದುರಾಳಿ ಸೇನಾಪತಿ ಎಸ್ಪಾರ್ತೇರೊನ ಸೈನ್ಯ ಆ ರಾತ್ರಿ ಅಲ್ಲಿ ಗೆದ್ದು ಮುತ್ತಿಗೆಯನ್ನು ಬಿಡಿಸಿತು. ಲೈನ್ 2ರ ಬರಕಾಲ್ಡೊ, ಸೆಸ್ತಾವೊ ಕುಲುಮೆಗಳ ಊರುಗಳು.

ಒಂದು ದೂರು: ಲೈನ್ 1ರ ಎಲ್ಲ ರೈಲೂ ಪ್ಲೆಂಟ್ಸಿಯಾ ತನಕ ಹೋಗುವುದಿಲ್ಲ. ಎಷ್ಟೋ ಗಾಡಿಗಳು ನಡುವೆಯೇ ತಿರುಗುತ್ತವೆ. ಬೋಗಿಯ ಮುಂದಿನ ಹೆಸರು ಓದದೆ ಹತ್ತಿದರೆ ಬೀಚಿಗೆ ಹೊರಟವರು ನಡುದಾರಿಯ ನಿಲ್ದಾಣದಲ್ಲಿ ಬಿಸಿಲು ಕಾಯಬೇಕಾಗುತ್ತದೆ.

ಬಿಲ್ಬಾವೊದಲ್ಲಿ ಅರ್ಧ ದಿನವಷ್ಟೇ ಇದ್ದರೆ ಆ ಅರ್ಧ ದಿನ ವಿಸ್ಕಾಯಾ ತೂಗುಸೇತುವೆಗೆ ಸಲ್ಲಬೇಕು. ಹೋಗುವ ಕ್ರಮ ಮುಖ್ಯ. ಲೈನ್ 2ರಲ್ಲಿ ಪೊರ್ತುಗಲೆತೆಗೆ ಹೋಗಿ, ತೊಟ್ಟಿಲಿನಲ್ಲಿ ದಾಟಿ, ಅರೇತಾದಿಂದ ಲೈನ್ 1ರಲ್ಲಿ ಮರಳಿ. ಪೊರ್ತುಗಲೆತೆ ನಿಲ್ದಾಣ ಊರಿನ ಮೇಲ್ಭಾಗದಲ್ಲಿದೆ, ಅಲ್ಲಿಂದ ಹೊಳೆಗೆ ಹತ್ತು ನಿಮಿಷದ ಇಳಿಜಾರು. ಅರೇತಾ ಸಪಾಟು, ಐದು ನಿಮಿಷ. ತಿರುವುಮುರುವು ಮಾಡಿದರೆ ಕೊನೆಯಲ್ಲಿ ಏದುಸಿರು. ಹತ್ತಲೇಬೇಕಾದವರಿಗೆ ಪೊರ್ತುಗಲೆತೆಯವರು ಬೀದಿಯಲ್ಲೇ ಚಲಿಸುವ ಇಳಿಜಾರುಗಳನ್ನು ಹಾಕಿದ್ದಾರೆ. ಹಳೇಪೇಟೆಯಿಂದ ಪೊರ್ತುಗಲೆತೆಗೆ ರೈಲು ಸುಮಾರು 20ರಿಂದ 25 ನಿಮಿಷ.

ಸೇತುವೆ ಇಲ್ಲಿ ಯಾಕೆ ಬಂತೆಂದರೆ ಅದಿರು. ಎಡದಡದ ಹಿಂದಿನ ತ್ರಿಯಾನೊ ಬೆಟ್ಟಗಳ ಹೆಮಟೈಟ್ ಅದಿರಿನಲ್ಲಿ ರಂಜಕ (ಫಾಸ್ಫರಸ್) ತೀರ ಕಡಿಮೆ. 1856ರಲ್ಲಿ ಬೆಸೆಮರ್ ಕುಲುಮೆ ಬಂದ ಮೇಲೆ ಉಕ್ಕಿಗೆ ಬೇಕಾದದ್ದು ಅಂಥ ಅದಿರೇ, ರಂಜಕ ಹೆಚ್ಚಿದ್ದರೆ ಉಕ್ಕು ಪುಡಿಯಾಗುತ್ತಿತ್ತು. ಬ್ರಿಟನ್ನಿನ ಹಡಗುಗಳು ಅದಿರು ತುಂಬಿಕೊಂಡು ಹೋದವು, ಬರುವಾಗ ಕಲ್ಲಿದ್ದಲು ತಂದವು. ಆ ಕಲ್ಲಿದ್ದಲಿಂದ ಎಡದಡದಲ್ಲಿ ಕುಲುಮೆಗಳು ಉರಿದವು. 1902ರಲ್ಲಿ ಒಂದಾದ ಆಲ್ತೋಸ್ ಓರ್ನೋಸ್ ದೆ ವಿಸ್ಕಾಯಾ ಕಂಪನಿ 1996ರವರೆಗೆ ನಡೆಯಿತು, ಸೆಸ್ತಾವೊದಲ್ಲಿ ಅದರ ಒಂದು ಕುಲುಮೆಯನ್ನು ಗುರುತಿಗೆ ಉಳಿಸಿಕೊಂಡಿದ್ದಾರೆ. ಹಡಗುಗಳಿಗೆ ಅಡ್ಡಿಯಾಗಿದ್ದದ್ದು ಪೊರ್ತುಗಲೆತೆಯ ಅಳಿವೆ ಬಾಗಿಲಿನ ಮರಳದಿಬ್ಬ, ಇಳಿತದಲ್ಲಿ ಒಂದಾಳು ನೀರೂ ಇರುತ್ತಿರಲಿಲ್ಲ. ಎಂಜಿನಿಯರ್ ಎವರಿಸ್ತೊ ದೆ ಚುರ್ರೂಕಾ ಅಲ್ಲಿ ಸುಮಾರು 800 ಮೀಟರ್ ಉದ್ದದ ಕಬ್ಬಿಣದ ದಕ್ಕೆಯನ್ನು ಕಡಲಿಗೆ ಚಾಚಿಸಿ 1887ರಲ್ಲಿ ಮುಗಿಸಿದ. ದಕ್ಕೆ ಹೊಳೆಯ ಬಾಯನ್ನು ಬಿಗಿ ಹಿಡಿಯಿತು. ಇಳಿತದ ಸೆಳವು ಬಲಗೊಂಡು ಮರಳನ್ನು ತಾನೇ ಕೊರೆದು ಒಯ್ದಿತು. ಸೇತುವೆಯಿಂದ ಕಡಲಿನತ್ತ ದಡದಲ್ಲೇ ನಡೆದರೆ ಆ ದಕ್ಕೆ ಸಿಗುತ್ತದೆ, ಸಂಜೆಯ ತಿರುಗಾಟಕ್ಕೆ ಒಳ್ಳೆಯ ಜಾಗ.

ದೊಡ್ಡ ಹಡಗು ಬಂದ ಮೇಲೆ ದಡದಿಂದ ದಡಕ್ಕೆ ದಾಟುವುದು ಹೇಗೆ? ಕೂವೆಮರ ತಾಗದಷ್ಟು ಎತ್ತರದ ಸೇತುವೆ ಕಟ್ಟಿದರೆ ಅದಕ್ಕೆ ಏರುವ ದಾರಿಯೇ ಮೈಲಿಗಟ್ಟಲೆ. ಎತ್ತಿ ಇಳಿಸುವ ಸೇತುವೆಯಾದರೆ ಹಡಗು ಬಂದಾಗಲೆಲ್ಲ ಜನ ಕಾಯಬೇಕು. ವಾಸ್ತುಶಿಲ್ಪಿ ಅಲ್ಬೆರ್ತೊ ದೆ ಪಲಾಸಿಯೊ ಕಂಡುಕೊಂಡ ಉಪಾಯ: ರಸ್ತೆಯನ್ನು ಮೇಲೆತ್ತುವುದು ಬೇಡ, ರಸ್ತೆಯ ಒಂದು ತುಂಡನ್ನು ನೇತುಹಾಕಿ ಸಾಗಿಸೋಣ. ಫ್ರಾನ್ಸಿನ ಫೆರ್ಡಿನಾಂ ಆರ್ನೊದಾನ್ ಅವರ ಉಕ್ಕಿನ ಹಗ್ಗದ ತಂತ್ರ ಜೊತೆಗೂಡಿತು. 1893ರ ಜುಲೈ 28ರಂದು ಸೇತುವೆ ತೆರೆಯಿತು, ಈ ಬಗೆಯಲ್ಲಿ ಜಗತ್ತಿಗೇ ಮೊದಲನೆಯದು. ನೀರಿನಿಂದ 45 ಮೀಟರ್ ಎತ್ತರದಲ್ಲಿ 160 ಮೀಟರ್ ಉದ್ದದ ಅಡ್ಡತೊಲೆ, ಅದರ ಮೇಲಿನ ಹಳಿಯಲ್ಲಿ ಓಡುವ ಚಕ್ರದ ಗಾಡಿ, ಗಾಡಿಯಿಂದ ಹಗ್ಗಗಳಲ್ಲಿ ಇಳಿಬಿದ್ದ ತೊಟ್ಟಿಲು. 1937ರ ಜೂನಿನಲ್ಲಿ ಹಿಮ್ಮೆಟ್ಟುತ್ತಿದ್ದ ಸೈನ್ಯ ಅಡ್ಡತೊಲೆಯನ್ನು ಸಿಡಿಸಿ ನೀರಿಗೆ ಕೆಡವಿತು, ಕಂಬಗಳು ನಿಂತವು. 1941ರಲ್ಲಿ ತೊಟ್ಟಿಲು ಮತ್ತೆ ಓಡಿತು. 2006ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಈಗಿನ ಬಣ್ಣ ಇಲ್ಲಿನ ಅದಿರಿನ ಕೆಂಪು, ಸಂಡೂರು-ಹೊಸಪೇಟೆಯ ರಸ್ತೆ ಕಂಡವರಿಗೆ ಪರಿಚಯದ ಕೆಂಪೇ.

ಬಳಸುವ ಬಗೆ ಸರಳ. ಕಾರ್ಡು ತೋರಿಸಿ ಗೇಟು ದಾಟಿ, ಪಕ್ಕದ ಕೋಣೆಯಲ್ಲಿ ನಿಲ್ಲಿ. ನಡುವೆ ಆರು ಕಾರು ಹಿಡಿಸುವ ಜಾಗ, ಎರಡೂ ಬದಿಗೆ ಪಾದಚಾರಿಗಳ ಕೋಣೆ. ಒಂದೂವರೆ ನಿಮಿಷದಲ್ಲಿ ಆಚೆ ದಡ. ಸುಮಾರು ಎಂಟು ನಿಮಿಷಕ್ಕೊಂದು ದಾಟು, ಜನ ಹೆಚ್ಚಿದರೆ ಬೇಗ. ಪಾದಚಾರಿಗೆ ಒಂದು ಯೂರೋ ಕೂಡ ಆಗುವುದಿಲ್ಲ. ಪೊರ್ತುಗಲೆತೆಯಿಂದ ಹೋಗುವಾಗ ಎಡಗಡೆಯ ಕೋಣೆಯಲ್ಲಿ ನಿಂತರೆ ಕಡಲ ಬಾಗಿಲು, ಬಲಗಡೆ ನಿಂತರೆ ಬಿಲ್ಬಾವೊ ಕಡೆಗೆ ಹೋಗುವ ಅಳಿವೆ. ತೊಟ್ಟಿಲು ಎಂದೆವಾದರೂ ತೂಗುವುದಿಲ್ಲ. ಹಗ್ಗಗಳು ಓರೆಯಾಗಿ ಹೆಣೆದು ಇಳಿದಿರುವುದರಿಂದ ಗಾಳಿಗೆ ಅಲ್ಲಾಡದೆ ಮೇಜಿನ ಡ್ರಾಯರ್ ಸರಿದ ಹಾಗೆ ಸರಿಯುತ್ತದೆ. ಇಷ್ಟಕ್ಕೇ ಇದು ಆಟದ ಸಾಮಾನಲ್ಲ, ಪಕ್ಕದಲ್ಲಿ ನಿಂತವರು ಕೆಲಸಕ್ಕೆ ಹೊರಟವರು. ಅವರು ಇಳಿಯುವ ದಾರಿಯಲ್ಲಿ ಫೋಟೊಕ್ಕೆಂದು ನಿಂತುಬಿಡಬೇಡಿ.

ಆ ಒಂದೂವರೆ ನಿಮಿಷದಲ್ಲಿ ಬದಲಾಗುವುದು ದಡ ಮಾತ್ರವಲ್ಲ. ಎಡದಡ ಗಣಿ ಕಾರ್ಮಿಕರದ್ದು, ಕುಲುಮೆಯವರದ್ದು. ‘ಪಸಿಯೊನಾರಿಯಾ’ ಎಂದು ಹೆಸರಾದ ಕಮ್ಯುನಿಸ್ಟ್ ನಾಯಕಿ ದೊಲೋರೆಸ್ ಇಬಾರ್ರುರಿ 1895ರಲ್ಲಿ ಹುಟ್ಟಿದ್ದು ಈ ದಡದ ಹಿಂದಿನ ಗಣಿಯೂರು ಗಲ್ಯಾರ್ತಾದಲ್ಲಿ. ಆ ಹಳೆಯ ಊರನ್ನೇ ಆಮೇಲೆ ಗಣಿ ನುಂಗಿತು, ಜನ ಪಕ್ಕಕ್ಕೆ ಹೋಗಿ ಮತ್ತೆ ಕಟ್ಟಿಕೊಂಡರು. ಬಲದಡದ ಲಾಸ್ ಅರೇನಾಸ್, ನೆಗುರಿ ಕಡೆ ಗಣಿ ಮತ್ತು ಹಡಗಿನ ಒಡೆಯರ ಬಂಗಲೆಗಳ ಸಾಲು. ನಡುವಿನ ನೀರು 160 ಮೀಟರ್.

ಮೇಲಿನ ಅಡ್ಡತೊಲೆಯ ಮೇಲೆ ನಡೆದು ದಾಟುವ ವ್ಯವಸ್ಥೆಯೂ ಇದೆ, ಹತ್ತಲು ಲಿಫ್ಟು. ಇದಕ್ಕೆ ಬಾರಿಕ್ ಸಾಲದು, ಬೇರೆ ಟಿಕೆಟ್ಟು, ದುಬಾರಿಯೇ. ಹಲಗೆಯ ನೆಲ, 50 ಮೀಟರ್ ಎತ್ತರ, ಕಾಲ ಕೆಳಗೆ ತೊಟ್ಟಿಲಿನ ಗಾಡಿ ಹಾದಾಗ ಹಲಗೆ ಸಣ್ಣಗೆ ನಡುಗುತ್ತದೆ. ಗಾಳಿ ಜೋರಾದರೆ ಮುಚ್ಚುತ್ತಾರೆ. ಆಕಾಶ ತಿಳಿಯಾಗಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಮೋಡ ಕವಿದಿದ್ದರೆ ಕೆಳಗಿನಿಂದ ಎರಡು ಸಲ ದಾಟುವುದೇ ಮೇಲು.

ನಾಲ್ಕನೆಯದು ಟ್ರಾಮ್, ಪರವಾಗಿಲ್ಲ ಅಂದದ್ದು ಇದನ್ನೇ. 2002ರಲ್ಲಿ ಬಂದ ಹಸಿರು ಬಣ್ಣದ ಗಾಡಿ, ಹೊಳೆಯ ದಡದಲ್ಲಿ ಹುಲ್ಲಿನ ನಡುವೆ ಹಾಸಿದ ಹಳಿ. ನೋಟಕ್ಕೆ ಚೆಂದ. ಆದರೆ ಆರ್ರಿಯಾಗಾ ರಂಗಮಂದಿರದಿಂದ ಮ್ಯೂಸಿಯಮ್ಮಿಗೆ ನಡೆದರೆ 20 ನಿಮಿಷ, ಟ್ರಾಮಿಗೆ ಕಾದು ಹತ್ತಿ ಇಳಿಯುವಷ್ಟರಲ್ಲಿ ಅಷ್ಟೇ ಹೊತ್ತು. ಮಳೆ ಬಂದಾಗ, ಮಂಡಿನೋವಿನವರು ಜೊತೆಗಿದ್ದಾಗ ಹತ್ತಿ. ಇಲ್ಲದಿದ್ದರೆ ದಡದಲ್ಲಿ ನಡೆಯಿರಿ. ಈ ದಡವೇ ಹಿಂದೆ ರೈಲ್ವೆ ಯಾರ್ಡು, ಗೋದಾಮು, ಹಡಗು ಕಟ್ಟುತ್ತಿದ್ದ ಎವುಸ್ಕಲ್ದುನಾ ಹಡಗುಕಟ್ಟೆ. 1980ರ ದಶಕದಲ್ಲಿ ಹಡಗುಕಟ್ಟೆ ಮುಚ್ಚಿತು, ಬಂದರು ಕಡಲಿನತ್ತ ಸರಿಯಿತು. 1992ರಲ್ಲಿ ಸ್ಥಾಪಿಸಿದ ಬಿಲ್ಬಾವೊ ರಿಯಾ 2000 ಎಂಬ ಸಾರ್ವಜನಿಕ ಸಂಸ್ಥೆ ಜಾಗವನ್ನೆಲ್ಲ ತೆರವು ಮಾಡಿಸಿತು. ಹಡಗುಕಟ್ಟೆಯ ಕೆಂಪು ಕ್ರೇನು ‘ಕರೋಲಾ’ ಈಗ ಕಡಲ ಮ್ಯೂಸಿಯಮ್ಮಿನ ಪಕ್ಕ ಒಂಟಿಯಾಗಿ ನಿಂತಿದೆ.

ಗುಗೆನ್‌ಹೈಮ್ ಬಗ್ಗೆ ಎರಡೇ ಮಾತು. ಅರ್ಧ ಮಿಲಿಮೀಟರಿಗಿಂತ ತೆಳುವಾದ ಸುಮಾರು 33,000 ಟೈಟೇನಿಯಂ ತಗಡುಗಳು ಚೆನ್ನಾಗಿ ಕಾಣುವುದು ಮೋಡದ ದಿನದಲ್ಲಿ, ಬಿಸಿಲಿನಲ್ಲಿ ಬರೀ ಕಣ್ಣು ಕುಕ್ಕುತ್ತದೆ. ಬೇಸಿಗೆ ಬಿಟ್ಟರೆ ಸೋಮವಾರ ಸಾಮಾನ್ಯವಾಗಿ ರಜೆ. ಅಲ್ಲಿಂದ ಬೆಟ್ಟದ ರೈಲಿಗೆ ಹೋಗುವವರು ಹಾಯುವ ಸುಬಿಸುರಿ ಸೇತುವೆ ಸಾಂತಿಯಾಗೊ ಕಲಾತ್ರಾವಾ ಅವರದ್ದು, 1997ರದ್ದು. ನೆಲಕ್ಕೆ ಗಾಜಿನ ಹಾಸು ಹಾಕಿದ್ದರು. ಮಳೆಯ ಊರಿನಲ್ಲಿ ಗಾಜಿನ ನೆಲ! ಜನ ಜಾರಿ ಬಿದ್ದರು, ಗಾಜು ಒಡೆಯಿತು, ಕೊನೆಗೆ ನಗರಸಭೆ ಮೇಲೊಂದು ಹಾಸುಕಂಬಳಿ ಎಳೆಯಿತು. ಇನ್ನೊಬ್ಬ ವಾಸ್ತುಶಿಲ್ಪಿಯ ಕಾಲುದಾರಿಯನ್ನು ಇದಕ್ಕೆ ಜೋಡಿಸಿದಾಗ ಕಲಾತ್ರಾವಾ ಕೋರ್ಟಿಗೆ ಹೋಗಿ 2009ರಲ್ಲಿ 30,000 ಯೂರೋ ಪರಿಹಾರ ಪಡೆದರು. ಗಾಜು ಕಾಣುವ ಅಂಚಿಗೆ ಈಗಲೂ ಕಾಲಿಡಬೇಡಿ.

ಮಳೆ ಇಲ್ಲಿ ವರ್ಷಕ್ಕೆ 1,100-1,200 ಮಿಲಿಮೀಟರ್. ಮಂಗಳೂರಿನ ಮೂರನೇ ಒಂದು ಭಾಗ, ಆದರೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಲ್ಲ, ಹನ್ನೆರಡೂ ತಿಂಗಳು ಹಂಚಿಕೊಂಡದ್ದು. ಕೊಡೆ ಬಿಚ್ಚಲೋ ಬೇಡವೋ ಎನಿಸುವ ಜಿಟಿಜಿಟಿಗೆ ಇವರು ಇಟ್ಟ ಹೆಸರು ಸಿರಿಮಿರಿ, ಕೇಳಿದರೆ ಕನ್ನಡದ್ದೇ ಇರಬೇಕೆನಿಸುತ್ತದೆ. ಕೊಡೆಗಿಂತ ಟೋಪಿ ಇರುವ ಜಾಕೆಟ್ಟು ವಾಸಿ, ಯಾಕೆಂದರೆ ಕಾರ್ಡು ತೋರಿಸಲು ಒಂದು ಕೈ ಬೇಕು.

ಸಸ್ಯಾಹಾರಿಗಳಿಗೆ ಪಿಂಚೊ ಕಟ್ಟೆ ಸುಲಭವಲ್ಲ. ತರಕಾರಿಯಂತೆ ಕಾಣುವ ‘ಹಿಲ್ದಾ’ದ ಕಡ್ಡಿಯಲ್ಲಿ ಆಲಿವ್, ಮೆಣಸಿನಕಾಯಿಗಳ ನಡುವೆ ಉಪ್ಪುಮೀನು ಇರುತ್ತದೆ. ಆಲೂಗಡ್ಡೆ ತೊರ್ತಿಲ್ಯಾದಲ್ಲಿ ಮೊಟ್ಟೆ. ಕಣ್ಣುಮುಚ್ಚಿ ಕೇಳಬಹುದಾದದ್ದು ಎಣ್ಣೆಯಲ್ಲಿ ಹುರಿದು ಉಪ್ಪು ಉದುರಿಸಿದ ಗೆರ್ನಿಕಾ ಹಸಿಮೆಣಸಿನಕಾಯಿ, ಖಾರ ಇರುವುದಿಲ್ಲ. ಬೇಕರಿಗಳ ‘ಅಕ್ಕಿ ಕೇಕಿ’ನಲ್ಲಿ ಅಕ್ಕಿ ಹುಡುಕಬೇಡಿ, ಹೆಸರು ಮಾತ್ರ ಉಳಿದಿದೆ.

ಆಗಸ್ಟ್ 15ರ ನಂತರದ ಶನಿವಾರದಿಂದ ಒಂಬತ್ತು ದಿನ ಆಸ್ತೆ ನಗುಸಿಯಾ ಎಂಬ ಊರಹಬ್ಬ. ಆಗ ಮೆಟ್ರೊದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನಗಳಲ್ಲಿ ಕೊನೆಯ ರೈಲಿನ ಮೇಲೆ ಕಣ್ಣಿಡಿ: ಶನಿವಾರ ರಾತ್ರಿಯಿಡೀ ಮೆಟ್ರೊ ಓಡುತ್ತದೆ, ಸೋಮವಾರದಿಂದ ಗುರುವಾರದ ತನಕ ರಾತ್ರಿ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ. ತೊಟ್ಟಿಲಿಗೆ ಮಾತ್ರ ರಾತ್ರಿಯಿಲ್ಲ, ಹಗಲಿಲ್ಲ. ಮಧ್ಯರಾತ್ರಿ ಖುಷಿಗೆಂದು ಆಚೆ ದಡಕ್ಕೆ ದಾಟಿದವರು ಬಿಲ್ಬಾವೊಗೆ ಮರಳುವುದು ಟ್ಯಾಕ್ಸಿಯಲ್ಲಿ, ಅದಕ್ಕೆ ಬಾರಿಕ್ ನಡೆಯುವುದಿಲ್ಲ.